ಕೇದಗೆಯ ಚಿಪ್ಪಿನ ಕರಡಿಗೆ

ಬಹಳ ಹಿಂದೆ, ಕಡಲ ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಅಲೆನಾಡು ಎಂಬ ರಾಜ್ಯವಿತ್ತು. ಅಲ್ಲಿನ ನಾವಿಕರು ದೂರದ ದ್ವೀಪಗಳಿಗೆ ಹೋದಾಗ ಬಿಡುವಿನಲ್ಲಿ ಮರದ ಪುಟ್ಟ ಕರಡಿಗೆ ಮಾಡಿ, ಮುಚ್ಚಳದ ತುಂಬ ಬಣ್ಣಬಣ್ಣದ ಚಿಪ್ಪು ಅಂಟಿಸಿ, ಊರಲ್ಲಿ ಕಾದಿರುವ ಹುಡುಗಿಗೆ ತರುತ್ತಿದ್ದರು. ಎಂಥ ಒರಟನಾದರೂ ಆ ಕೆಲಸಕ್ಕೆ ಕೂತರೆ ಬೆಣ್ಣೆಯಾಗುತ್ತಿದ್ದ. ಆದರೆ ಒಂದು ಕಟ್ಟಳೆಯಿತ್ತು. ಮುಚ್ಚಳದಲ್ಲಿ ಒಂದು ಚಿಪ್ಪಿನ ಜಾಗ ಖಾಲಿ ಬಿಡಬೇಕು. ಮರಳಿದ ಮೇಲೆ ಹುಡುಗ ಹುಡುಗಿ ಕೂಡಿ ಊರ ದಂಡೆಯ ಚಿಪ್ಪನ್ನೇ ಹುಡುಕಿ ಅಲ್ಲಿ ಕೂರಿಸಬೇಕು. ಕೆಲಸ ಬಾಕಿ ಇರುವವನನ್ನು ಕಡಲು ಇಟ್ಟುಕೊಳ್ಳುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಬಲೆ ಹೆಣೆಯುವ ಕೇದಗೆಗೆ ಹಾಯಿ ಕಟ್ಟುವ ದುಗ್ಗಣ್ಣನೆಂದರೆ ಪ್ರಾಣ. ಅವನ ಹಡಗು ಮರಳಿದ ದಿನ ಹೂ ಮುಡಿದು ದಂಡೆಗೆ ಓಡಿದಳು. ಎಲ್ಲರೂ ಇಳಿದರು, ದುಗ್ಗಣ್ಣ ಇಳಿಯಲಿಲ್ಲ. ಹಡಗಿನ ಯಜಮಾನನಾದ ಮುದಿ ತಾಂಡೇಲ ಅವಳ ಕೈಗೆ ಒಂದು ಕರಡಿಗೆ ಇಟ್ಟ.

"ಅವ ಮಾಡಿದ್ದು ಮಗಳೇ. ಚಂದ ಕಾಣಲಿ ಅಂತ ಖಾಲಿ ಜಾಗಕ್ಕೂ ಚಿಪ್ಪು ಇಟ್ಟುಬಿಟ್ಟ. 'ನನ್ನ ಕೇದಗೆಗೆ ಅರೆಬರೆ ಕೊಡಲಾರೆ' ಅಂದ. 'ಬೇಡ ಮಾರಾಯ' ಅಂತ ನಾ ಹೇಳುವಷ್ಟರಲ್ಲಿ ಕಡಲನ್ನಾಳುವ ಆ ಉಪ್ಪುಗಡ್ಡದ ಮಾಂತ್ರಿಕ ಅಲೆಯಿಂದೆದ್ದು ಅವನನ್ನು ತನ್ನ ದ್ವೀಪಕ್ಕೆ ಹೊತ್ತೊಯ್ದ."

ಅಷ್ಟು ಚೆಲುವಾದ ಕರಡಿಗೆಯನ್ನು ಅಲೆನಾಡಿನಲ್ಲಿ ಯಾರೂ ಮಾಡಿರಲಿಲ್ಲ. ಕೇದಗೆಗೆ ಅಳುವೂ ಬಂತು, ಸಿಟ್ಟೂ ಬಂತು. "ಪೆದ್ದ! ನನಗೆ ಚಂದದ ಪೆಟ್ಟಿಗೆ ಬೇಕಿತ್ತೇ, ನೀನು ಬೇಕಿತ್ತೇ?" ಎಂದವಳೇ ಕರಡಿಗೆ ಹಿಡಿದು ದೋಣಿ ಹತ್ತಿದಳು.

ಮಾಂತ್ರಿಕನ ದ್ವೀಪದ ದಂಡೆಯಲ್ಲಿ ಆನೆಯಂಥ ಏಡಿ ಅಡ್ಡ ಬಂತು. ಅದರ ಬೆನ್ನು ಬರಿದಾಗಿತ್ತು.

"ಮುಂದೆ ಬಂದರೆ ಸೀಳಿಬಿಟ್ಟೇನು! ಗಡ್ಡದವ ನನ್ನ ಚಿಪ್ಪು ಕಿತ್ತುಕೊಂಡ, ಬಿಸಿಲಿಗೆ ಮೈಯೆಲ್ಲ ಉರಿ. ನಿನ್ನ ಕರಡಿಗೆಯ ಚಿಪ್ಪುಗಳಲ್ಲಿ ಒಂದು ಕೊಡುತ್ತೀಯಾ?"

ದುಗ್ಗಣ್ಣನ ಕೈ ಮುಟ್ಟಿದ್ದೆಂದು ಅವಳ ಬಳಿ ಇದ್ದದ್ದು ಆ ಕರಡಿಗೆಯೊಂದೇ. ಆದರೂ ಕರುಳು ಗಟ್ಟಿಮಾಡಿಕೊಂಡು ಒಂದು ಕೆಂಪು ಚಿಪ್ಪು ಕಿತ್ತು ಕೊಟ್ಟಳು. ಅದು ಗುಡಿಸಲಷ್ಟು ಬೆಳೆದು ಏಡಿಯ ಬೆನ್ನಿಗೆ ಕೂತಿತು. ಏಡಿ ದಾರಿ ಬಿಟ್ಟಿತು.

ಕಾಡಿನಲ್ಲಿ ಕುರುಡು ಹೆಬ್ಬಾವು ಅಡ್ಡ ಬಂತು. "ಗಡ್ಡದವ ನನ್ನ ಕಣ್ಣು ಕಿತ್ತುಕೊಂಡ. ಒಂದಾದರೂ ಕೊಡು ತಾಯಿ" ಎಂದಿತು. ಕೇದಗೆ ಕಪ್ಪು ಚುಕ್ಕೆಯ ಬಿಳಿ ಚಿಪ್ಪು ಕಿತ್ತು ಕೊಟ್ಟಳು. ಹಾವು ಅವಳನ್ನು ಕಣ್ಣರಳಿಸಿ ನೋಡಿ ದಾರಿ ಬಿಟ್ಟಿತು.

ಗುಹೆಯ ಬಾಗಿಲಲ್ಲಿ ದೊಡ್ಡ ಹಕ್ಕಿಯೊಂದು ಅಡ್ಡ ಬಂತು. ಕೊಕ್ಕು ತೆರೆಯಿತು, ದನಿ ಬರಲಿಲ್ಲ. ಅದನ್ನೂ ಗಡ್ಡದವನೇ ಕಿತ್ತುಕೊಂಡಿದ್ದ. ಕೇದಗೆ ಮುಚ್ಚಳದ ನಟ್ಟನಡುವಿನ ಪುಟ್ಟ ಶಂಖ ಕಿತ್ತು ಅದರ ಕೊಕ್ಕಿಗಿಟ್ಟಳು. ಹಕ್ಕಿ ಹಾಡುತ್ತ ದಾರಿ ಬಿಟ್ಟಿತು.

ಒಳಗೆ ಎಷ್ಟೋ ನಾವಿಕರು ಉಪ್ಪಿನ ಗೊಂಬೆಗಳಾಗಿ ನಿಂತಿದ್ದರು. ಅವರ ನಡುವೆ ದುಗ್ಗಣ್ಣನೂ ಇದ್ದ.

ಮಾಂತ್ರಿಕ ಗಹಗಹಿಸಿದ. "ಕೆಲಸ ಮುಗಿದವರೆಲ್ಲ ನನ್ನವರು! ಇವನದು ಏನಾದರೂ ಬಾಕಿ ಇದ್ದರೆ ತೋರಿಸು. ತೋರಿಸಿದರೆ ನನ್ನ ಮಾಯೆಯೇ ಸುಳ್ಳು."

ಕೇದಗೆ ದುಃಖದಿಂದ ಕರಡಿಗೆಯನ್ನು ಎದೆಗೊತ್ತಿಕೊಂಡಳು. ಬೆರಳಿಗೆ ಚಿಪ್ಪು ಕಿತ್ತ ಜಾಗಗಳು ಸಿಕ್ಕವು.

"ನೋಡು!" ಎಂದು ಕರಡಿಗೆ ಎತ್ತಿ ಹಿಡಿದಳು. "ಒಂದಲ್ಲ, ಮೂರು ಬಾಕಿ! ದುಗ್ಗಣ್ಣ, ಮನೆಯಲ್ಲಿ ಇಷ್ಟು ಕೆಲಸ ಬಿಟ್ಟು ಇಲ್ಲೇನು ನಿಂತಿದ್ದೀ? ಬಾ!"

ಆಡಿದ ಮಾತು ಮಾಂತ್ರಿಕನನ್ನೇ ತಿಂದಿತು. ಅವನ ಗಡ್ಡ ಕರಗಿತು, ಕೈಕಾಲು ಕರಗಿದವು, ಉಳಿದದ್ದನ್ನು ಒಂದು ಅಲೆ ಬಂದು ನೆಕ್ಕಿಕೊಂಡು ಹೋಯಿತು. ಗೊಂಬೆಗಳೆಲ್ಲ ಉಪ್ಪು ಕೊಡವಿ ಮನುಷ್ಯರಾದವು.

ದುಗ್ಗಣ್ಣ ಕಣ್ಣುಜ್ಜಿಕೊಂಡು ಮೊದಲು ನೋಡಿದ್ದು ಕರಡಿಗೆಯನ್ನು. "ಅಯ್ಯೋ, ಇದನ್ನು ಹಾಳು ಮಾಡಿದ್ದು ಯಾರು?"

"ನಾನೇ. ಮನೆಗೆ ಬಂದು ಸರಿಮಾಡು" ಎಂದು ಕೇದಗೆ ಅಳುತ್ತ ನಕ್ಕಳು.

ಎಲ್ಲರೂ ಊರು ಸೇರಿದರು. ಕೇದಗೆ, ದುಗ್ಗಣ್ಣ ಮದುವೆಯ ದಿನ ಒಂದು ಚಿಪ್ಪು ಕೂರಿಸಿದರು, ಮಗಳು ಹುಟ್ಟಿದ ದಿನ ಇನ್ನೊಂದು. ಮೂರನೆಯದು? ಹಡಗು ಹತ್ತುವಾಗಲೆಲ್ಲ ದುಗ್ಗಣ್ಣ, "ಬಂದು ಕೂರಿಸೋಣ" ಎನ್ನುತ್ತಿದ್ದ. ಬಂದ ಮೇಲೆ ಕೇದಗೆ, "ನಾಳೆ ಕೂರಿಸಿದರಾಯಿತು" ಎನ್ನುತ್ತಿದ್ದಳು. ಇಬ್ಬರ ತಲೆಯೂ ನರೆಯಿತು, ಆ ನಾಳೆ ಮಾತ್ರ ಬರಲೇ ಇಲ್ಲ. ಅವರ ಹೊಟ್ಟೆ ತಣ್ಣಗಿತ್ತು. ಕತೆ ಕೇಳಿದ ನಿಮ್ಮದೂ ತಣ್ಣಗಿರಲಿ.