ಕರಿಸಿಡಿಲಿನ ಮೂಗುದಾರ

"ಮೂಗುದಾರ ಒಂದನ್ನ ಮುಟ್ಟಬ್ಯಾಡ್ರಿ," ಎಂದಳು ಸಾವಂತ್ರಮ್ಮ. "ಬಣ್ಣ ಬದ್ಲಾಯಿಸ್ರಿ, ಹಾಡು ಬದ್ಲಾಯಿಸ್ರಿ, ಏನಾರ ಮಾಡ್ಕಳ್ರಿ. ಹೋರಿ ಮೂಗಿನಾಗಿನ ಬಿಳೇ ದಾರ ಮಾತ್ರ ಹಂಗೇ ಇರ್ಲಿ. ಅದು ಹೋದ್ರೆ ಹೋರಿ ಆಟದಾಗೆ ಉಳಿಯಂಗಿಲ್ಲ."

ಓಂಕಾರ್ ನಗು ತಡೆದುಕೊಂಡು ತಂಗಿಯ ಕಡೆ ನೋಡಿದ. ಕಾವ್ಯಶ್ರೀ ನಗಲಿಲ್ಲ. ಅವಳು ಮುದುಕಿಯ ತೊಡೆಯ ಮೇಲಿದ್ದ ಕೆಂಪು ಬಟ್ಟೆಯ ಗಂಟನ್ನೇ ದಿಟ್ಟಿಸುತ್ತಿದ್ದಳು. ಗಂಟಿನೊಳಗೆ ಇದ್ದದ್ದು ಅಂಗೈ ಅಗಲದ ಒಂದು ಹಳೇ ಸರ್ಕ್ಯೂಟ್ ಬೋರ್ಡು. ಅದರಿಂದ ಕರ್ಪೂರದ ವಾಸನೆ ಬರುತ್ತಿತ್ತು. ಕರ್ಪೂರದ ಅಡಿಯಲ್ಲಿ ಕೊಟ್ಟಿಗೆಯ ವಾಸನೆ, ಅದರ ಅಡಿಯಲ್ಲಿ ಇನ್ನೂ ಏನೋ ಹಳಸಿದ ನಾತ.

ಇಪ್ಪತ್ತೆಂಟು ವರ್ಷದ ಹಿಂದೆ ಇದೇ ನ್ಯಾಮತಿಯಲ್ಲಿ ಸಾವಂತ್ರಮ್ಮನ ಗಂಡ ಮರುಳಸಿದ್ದಪ್ಪ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ. ದೀಪಾವಳಿ ಕಳೆದ ಮೇಲೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದಲ್ಲ, ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಜನರ ಮಧ್ಯೆ ನುಗ್ಗುತ್ತದೆ, ಗಟ್ಟಿಗರು ಮೈಮೇಲೆ ಬಿದ್ದು ಕೊಬ್ಬರಿ ಕೀಳುತ್ತಾರೆ, ಅದನ್ನೇ ಅವನು ವಿಡಿಯೋ ಗೇಮ್ ಮಾಡಿದ. ಹೆಸರು 'ಕೊಬ್ಬರಿ ಹೋರಿ', ಅದರೊಳಗಿನ ಕಪ್ಪು ಹೋರಿಯ ಹೆಸರು ಕರಿಸಿಡಿಲು. ಹೊನ್ನಾಳಿ, ಚನ್ನಗಿರಿ, ಅತ್ತ ಜಗಳೂರಿನ ಬಸ್‌ಸ್ಟ್ಯಾಂಡಿನವರೆಗೂ ಆ ಆಟದ ಪೆಟ್ಟಿಗೆಗಳ ಮುಂದೆ ಹುಡುಗರು ಶಾಲೆ ತಪ್ಪಿಸಿ ಸಾಲು ನಿಲ್ಲುತ್ತಿದ್ದರು. ಆಮೇಲೆ ಒಂದು ದಿನ ಎಲ್ಲ ಪೆಟ್ಟಿಗೆಗಳೂ ಮಾಯವಾದವು. ಯಾಕೆ ಅಂತ ಯಾರೂ ಬಾಯಿ ಬಿಡಲಿಲ್ಲ.

ಮೈಸೂರಿನಲ್ಲಿ ಜಾಹೀರಾತು ಕಂಪನಿ ನಡೆಸಿ ಕೈ ಸುಟ್ಟುಕೊಂಡಿದ್ದ ಓಂಕಾರ್ ಈ ಪೆಟ್ಟಿಗೆಯ ಒಂದು ಹಳೇ ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದ. ಎರಡೇ ದಿನದಲ್ಲಿ ಸಾವಿರಾರು ಜನ, ಈಗ ಹೊಟ್ಟೆ ಬೆಳೆಸಿಕೊಂಡು ಸಂಸಾರ ಮಾಡುತ್ತಿರುವ ಗಂಡಸರು, 'ಅಯ್ಯೋ ನಮ್ಮ ಕರಿಸಿಡಿಲು!' ಎಂದು ಕಣ್ಣೀರಿಟ್ಟಿದ್ದರು. ಸತ್ತ ಹೆಸರಿಗೆ ಇಷ್ಟು ಜೀವ ಇದ್ದರೆ ಮೊಬೈಲಿಗೆ ತಂದರೆ ಹೇಗೆ ಓಡಬೇಡ? ಅವನಿಗೆ ನಿದ್ದೆ ಹತ್ತಲಿಲ್ಲ.

"ಕರಿಸಿಡಿಲು ಬರೀ ಆಟದ ಗೊಂಬೆ ಅಲ್ರೀ," ಸಾವಂತ್ರಮ್ಮ ದನಿ ತಗ್ಗಿಸಿದಳು. "ನಮ್ಮ ಮನಿ ಹೋರಿ. ದಾಯಾದಿಗಳು ಮಾಟ ಮಾಡ್ಸಿದ್ರು. ಹಬ್ಬದ ಹಿಂದಿನ ದಿನ ರಕ್ತ ಕಾರ್ಕಂಡು ಬಿತ್ತು. ಕೊಟ್ಟಿಗಿ ಹೊಸಿಲು ಅಗದ್ರೆ ತಾಮ್ರದ ತಗಡು, ಹೆಂಗಸ್ರ ಕೂದ್ಲು, ಮೊಳೆ. ನಮ್ಮನೆಯೋರಿಗೆ ಸಿಟ್ಟು ತಡೀಲಿಲ್ಲ. ಅವ್ರೂ ಮಂತ್ರಗಾರನ್ನ ಕರ್ಸಿ, ಹೋರಿ ಜೀವಾನ ಈ ಬೋರ್ಡಿಗೆ ಇಳಿಸಿಬಿಟ್ರು. ಮಾಟ ಮಾಡ್ಸಿದೋನ ಮಗ ಆಡಾಕೆ ಬಂದ. ಕುಂತ ಕುರ್ಚಿಯಾಗೇ ಎದಿ ಬಿರೀತು."

"ಆಮೇಲೆ?" ಎಂದಳು ಕಾವ್ಯಶ್ರೀ.

"ಅಲ್ಲಿಗೆ ನಿಲ್ಲಲಿಲ್ಲ ಯವ್ವಾ. ನಾಕು ಹೆಣ ಬಿದ್ದ ಮ್ಯಾಲೆ ನಮ್ಮನೆಯೋರೇ ಅಡ್ಡ ನಿಂತು ಮೂಗುದಾರ ಹಾಕಿದ್ರು. ನಂಗೂ ವಯಸ್ಸಾತು. ಹಂಗೇ ಕಾಯ್ಕಂತೀನಿ ಅಂದ್ರೆ ಒಯ್ರಿ."

"ಖಂಡಿತ ಅಮ್ಮ, ನೀವು ಯೋಚ್ನೆ ಮಾಡ್ಬೇಡಿ," ಎಂದ ಓಂಕಾರ್. ಆಟದ ಹಕ್ಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಕಾರು ಹತ್ತಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಕತೆಯನ್ನೇ ಜಾಹೀರಾತು ಮಾಡಬಹುದು ಕಣೇ ಎಂದು ತಂಗಿಯ ಭುಜ ತಟ್ಟಿದ. ಕೊಟ್ಟ ಮಾತನ್ನು ಅವನು ಹೊನ್ನಾಳಿ ದಾಟುವ ಮೊದಲೇ ಮರೆತಿದ್ದ.

ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆ ಬಾಡಿಗೆಗೆ ಸಿಕ್ಕಿತು. ಕಿಟಕಿಗಳಿಗೆ ಕಪ್ಪು ಪರದೆ ಹಾಕಿ ಮೂವರು ಕೂತರು. ಕೋಡ್ ಬರೆಯಲು ಜಗಳೂರಿನ ಭೀಮೇಶ್, ಚಿತ್ರ ಬಿಡಿಸಲು ಕಾವ್ಯಶ್ರೀ, ಮಾತಾಡಲು ಓಂಕಾರ್. ಮೈಸೂರಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ಕಾವ್ಯಶ್ರೀ ಅಣ್ಣನ ಮಾತು ಕಟ್ಟಿಕೊಂಡು ಕೆಲಸ ಬಿಟ್ಟು ಬಂದಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಇದ್ದವನು ಅವನೊಬ್ಬನೇ. 'ನನ್ನ ತಂಗಿಗೋಸ್ಕರ ಜೀವ ಬೇಕಾದ್ರೂ ಕೊಡ್ತೀನಿ' ಎಂದು ಓಂಕಾರ್ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅವನಿಗೆ ಅದು ನಿಜವೇ ಅನ್ನಿಸುತ್ತಿತ್ತು.

ಭೀಮೇಶ್ ಹಳೇ ಬೋರ್ಡಿನ ಚಿಪ್ಪನ್ನು ಕಂಪ್ಯೂಟರಿಗೆ ಜೋಡಿಸಿ ಆಟವನ್ನು ಎಬ್ಬಿಸಿದ. ಹಳೇ ಹೋರಿ ಚೌಕ ಚೌಕ ಚುಕ್ಕೆಗಳಲ್ಲಿ ಪರದೆಯ ಮೇಲೆ ಬಂದು ನಿಂತಿತು. ಕಪ್ಪು ಮೈ, ಕೊಂಬಿನ ತುದಿಗೆ ಹಿತ್ತಾಳೆಯ ಹಳದಿ, ಮೂಗಿನಲ್ಲಿ ನಾಲ್ಕೇ ನಾಲ್ಕು ಬಿಳಿ ಚುಕ್ಕೆ. ಎರಡು ತಿಂಗಳು ಕಷ್ಟಪಟ್ಟು ಕಾವ್ಯಶ್ರೀ ಅದರ ಮೇಲೆ ಹೊಸ ಹೋರಿ ಬಿಡಿಸಿದಳು. ಬೆವರಿದ ಚರ್ಮ, ಉಬ್ಬಿದ ನರ, ಕೆಂಡದ ಕಣ್ಣು. ಮೂಗುದಾರವನ್ನೂ ಬಿಡಲಿಲ್ಲ, ಎಳೆ ಎಳೆಯಾಗಿ ಬರೆದಳು.

ಮಾರನೆಯ ದಿನ ಹೈದರಾಬಾದಿನಿಂದ ದೊಡ್ಡ ಕಂಪನಿಯವರು ಆಟ ನೋಡಲು ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಓಂಕಾರ್ ಪರದೆಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದ.

"ಈ ದಾರ ತೆಗಿ ಕಾವ್ಯಾ. ಪ್ರಾಣಿದಯೆಯವರು ನೋಡಿದ್ರೆ ಮೊದಲನೇ ದಿನವೇ ಗಲಾಟೆ ಮಾಡ್ತಾರೆ. ಮೂಗು ಚುಚ್ಚಿದ ಹೋರಿ ಈಗಿನ ಮಾರ್ಕೆಟ್ಟಿಗೆ ಆಗಲ್ಲ."

"ಆ ಅಜ್ಜಿಗೆ ಮಾತು ಕೊಟ್ಟಿದ್ದೀಯಲ್ಲ ಅಣ್ಣ."

"ಸಾರ್, ಬ್ಯಾಡ ಸಾರ್," ಭೀಮೇಶ್ ಕುರ್ಚಿ ತಿರುಗಿಸಿದ. "ನಮ್ಮ ಕಡೀನೂ ಇಂಥವು ಅದಾವೆ. ಒಂದು ದಾರದಾಗೆ ಏನೈತೆ, ಇದ್ರೆ ಇರ್ಲಿ ಬಿಡ್ರಿ."

"ಒಂದು ದಾರದಲ್ಲಿ ಏನೂ ಇಲ್ಲ ಅಂದ್ಮೇಲೆ ತೆಗೆಯೋಕೆ ಏನು ಕಷ್ಟ?" ಓಂಕಾರ್ ನಕ್ಕ. "ಹಳೇ ಚಿತ್ರದಲ್ಲೂ ಅಳಿಸು. ಎಲ್ಲಾ ಕ್ಲೀನಾಗಿರಲಿ."

ಕಾವ್ಯಶ್ರೀ ಮೊದಲು ಹೊಸ ಹೋರಿಯ ದಾರ ಅಳಿಸಿದಳು. ಆಮೇಲೆ ಹಳೇ ಚಿತ್ರದ ಬಿಳಿ ಚುಕ್ಕೆಗಳನ್ನು. ಒಂದು ಚುಕ್ಕೆ. ಎರಡು. ಮೂರು. ನಾಲ್ಕನೆಯದು ಅಳಿದಾಗ ಫ್ಯಾನು ನಿಂತು ದೀಪಗಳು ಆರಿದವು. ಕರೆಂಟು ಹೋಗುವುದು ಹೊಸದೇನಲ್ಲ, ಯುಪಿಎಸ್ ಮೇಲೆ ಕಂಪ್ಯೂಟರುಗಳು ಓಡುತ್ತಿದ್ದವು. ಸಾಕು ಇಷ್ಟು ಬೆಳಕು, ಒಂದು ಸಲ ಆಡಿ ನೋಡು ಎಂದು ಓಂಕಾರ್ ಭೀಮೇಶನ ಬೆನ್ನು ತಟ್ಟಿದ.

ಭೀಮೇಶ್ ಒಲ್ಲದ ಮನಸ್ಸಿನಿಂದ ಜಾಯ್‌ಸ್ಟಿಕ್ ಹಿಡಿದ. ಆಟದಲ್ಲಿ ಮೂರು ಪ್ರಾಣ. ಮೊದಲನೆಯದು ಹೋಯಿತು. ಕೋಣೆಯೊಳಗೆ ಸಗಣಿಯ ವಾಸನೆ ಎದ್ದಿತು. ಎರಡನೆಯದು ಹೋಯಿತು. ಎಲ್ಲೋ ಗೆಜ್ಜೆಸರ ಅಲುಗಿತು. "ಸೌಂಡ್ ಚೆನ್ನಾಗಿದೆ," ಎಂದ ಓಂಕಾರ್. "ಸೌಂಡ್ ಇನ್ನಾ ಹಾಕಿಲ್ಲ ಸಾರ್," ಎಂದ ಭೀಮೇಶ್. ಜಾಯ್‌ಸ್ಟಿಕ್ ಬಿಡಲು ನೋಡಿದ, ಬೆರಳು ಬಿಡಲಿಲ್ಲ. ಪರದೆಯಲ್ಲಿ ಹೋರಿ ಎದುರಿಗೆ ಓಡಿಬಂತು. ದೊಡ್ಡದಾಯಿತು. ಪರದೆ ತುಂಬಿತು. ಆಮೇಲೆ ಪರದೆಯ ಮೇಲೆ ಇರಲಿಲ್ಲ.

ಭೀಮೇಶ್ ಕುರ್ಚಿಯ ಸಮೇತ ಮೇಲಕ್ಕೆ ಎದ್ದ.

ಅವನನ್ನು ಎತ್ತಿದ್ದು ಕಣ್ಣಿಗೆ ಕಾಣಲಿಲ್ಲ. ಅಂಗಿ ಹೊಕ್ಕುಳಿನಿಂದ ಎದೆಯವರೆಗೆ ಪರ್ರನೆ ಹರಿಯಿತು. ಅಂಗಿಯ ಕೆಳಗಿನ ಚರ್ಮವೂ ಹರಿಯಿತು. ಪಕ್ಕೆಲುಬು ಮುರಿದ ಸದ್ದು ಒಣಕಟ್ಟಿಗೆ ಮುರಿದಂತೆ ಕೇಳಿಸಿತು. ಬಿಸಿ ರಕ್ತ ಓಂಕಾರನ ಮುಖಕ್ಕೆ, ಬಾಯಿಗೆ ಹಾರಿತು. ಭೀಮೇಶ್ ಗೋಡೆಗೆ ಅಪ್ಪಳಿಸಿ ಕೆಳಗೆ ಬಿದ್ದ. ಮತ್ತೆ ಎದ್ದ. ಮತ್ತೆ ಅಪ್ಪಳಿಸಿದ. ಮೂರನೆಯ ಸಲ ಬಿದ್ದಾಗ ಅವನಲ್ಲಿ ಕೂಗುವುದಕ್ಕೆ ಏನೂ ಉಳಿದಿರಲಿಲ್ಲ.

ಓಂಕಾರ್ ಬಾಗಿಲಿಗೆ ಹಾರಿದ. ಚಿಲಕ ತೆಗೆದ. ಬಾಗಿಲು ತೆರೆಯಲಿಲ್ಲ. ಒದ್ದ. ಕಿರುಚಿದ. ಕೆಳಗೆ ಗೊಬ್ಬರದ ಚೀಲ ಇಳಿಸುವ ಹಮಾಲರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಇವನ ಕೂಗು ಅವರಿಗೆ ಕೇಳಲಿಲ್ಲ. ಮೊಬೈಲು ತೆಗೆದು ಸಾವಂತ್ರಮ್ಮನಿಗೆ ಹಚ್ಚಿ ಸ್ಪೀಕರ್ ಒತ್ತಿದ. ಎರಡನೇ ರಿಂಗಿಗೆ ಎತ್ತಿದಳು.

"ತೆಗೆದ್ರಾ?" ಅಷ್ಟೇ ಕೇಳಿದಳು.

"ಅಮ್ಮ, ಏನಾದ್ರೂ ಮಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಮಾಡಾಕೆ ಬರಾಕಿಲ್ಲ. ಈಗ ಹೋರಿ ನಿಮ್ದು. ಒಡೆಯ ಕರದ್ರೆ ಮಾತ್ರ ತಿರುಗ್ತೈತೆ. 'ಕರಿಸಿಡಿಲೇ, ನೀನು ನನ್ನ ಹೋರಿ, ಬಾ' ಅಂತ ಗಟ್ಟಿಯಾಗಿ ಕರೀರಿ."

"ತಿರುಗಿ?"

"ನಿಮ್ಮ ಮ್ಯಾಲೆ ಬರ್ತೈತೆ. ಬಂದಾಗ ಮೂಗು ಹಿಡ್ಕಬೇಕು, ಬಿಡಬಾರ್ದು. ನಮ್ಮನೆಯೋರು ಹಿಡ್ಕಂಡ್ರು. ಕರುಳು ಹೊರಗೆ ಬಂದಿದ್ವು, ಆದ್ರೂ ಬಿಡ್ಲಿಲ್ಲ. ಕರೀರಿ ಯಪ್ಪಾ, ಲಗೂನ ಕರೀರಿ!"

ಮೊಸಾಯಿಕ್ ನೆಲದ ಮೇಲೆ ಗೊರಸು ಕೆರೆಯಿತು. ಬಿಸಿ ಉಸಿರು ಕೋಣೆಯ ಆ ಮೂಲೆಗೆ ತಿರುಗಿತು. ಅಲ್ಲಿ ಕಾವ್ಯಶ್ರೀ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ದಾರ ಅಳಿಸಿದ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಅಣ್ಣಾ, ಕರಿ!"

ಓಂಕಾರ್ ಬಾಯಿ ತೆರೆದ.

ಎಷ್ಟು ಸಣ್ಣ ಮಾತು ಅದು, ನನ್ನ ಹೋರಿ. ನಾಲ್ಕು ತಿಂಗಳಿಂದ ಸಭೆಯಲ್ಲಿ, ಫೋನಿನಲ್ಲಿ, ಪತ್ರಿಕೆಯವರ ಮುಂದೆ ದಿನಕ್ಕೆ ಹತ್ತು ಸಲ ಆಡಿದ್ದ ಮಾತು. ಅವನ ಕಣ್ಣು ಭೀಮೇಶನ ತೆರೆದ ಹೊಟ್ಟೆಯ ಮೇಲಿತ್ತು. ಕರೆದರೆ ತಾನೂ ಹೀಗೇ. ಇನ್ನೊಂದು ಉಸಿರು ಬಿಟ್ಟು ಕರೆದರಾಯಿತು. ಇನ್ನೊಂದು. ಥೂ, ಹೇಡಿ! ಅವನಿಗೆ ಅವನೇ ಬೈದುಕೊಂಡ, ಆದರೂ ಬಾಯಿಂದ ಮಾತು ಹೊರಡಲಿಲ್ಲ.

ಕೊಂಬು ಹಾಯಿತು. ಕಾವ್ಯಶ್ರೀಯ ಬಲಭುಜ ಗೋಡೆಗೆ ಹೂತು ಹೋಯಿತು. ಅವಳು ಕೂಗಿದ ಕೂಗಿಗೆ ಕಿಟಕಿಯ ಗಾಜು ಸೀಳಿತು. ಕೊಂಬು ಹೊರಗೆ ಬಂತು. ತೋಳು ಬರೀ ಚರ್ಮದಲ್ಲಿ ನೇತಾಡಿತು.

ಓಂಕಾರ್ ಒಂದು ಹೆಜ್ಜೆ ಹಿಂದೆ ಸರಿದ. ಚಪ್ಪಲಿ ರಕ್ತದಲ್ಲಿ ಪಚಕ್ಕೆಂದಿತು. ಆ ಸದ್ದಿಗೆ ಗೆಜ್ಜೆಸರ ಅಲುಗಿತು. ಉಸಿರು ತಿರುಗಿತು. ಈಗ ಅದು ಅವನ ಮುಖದ ಮೇಲಿತ್ತು. ಬಿಸಿ. ಒದ್ದೆ. ಹಿತ್ತಾಳೆಯ ತಣ್ಣನೆ ತುದಿಯೊಂದು ಅವನ ಹೊಟ್ಟೆಯನ್ನು ಮುಟ್ಟಿತು. ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು.

"ಕರಿಸಿಡಿಲೇ!"

ಕೂಗಿದ್ದು ಕಾವ್ಯಶ್ರೀ. ಗೋಡೆಗೆ ಒರಗಿ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ನಿನ್ನ ಬರ್ದೋಳು ನಾನು. ನೀನು ನನ್ನ ಹೋರಿ. ಅವನನ್ನ ಬಿಡು. ಬಾ!"

ಅದು ತಿರುಗಿತು. ಓಡಿತು. ನೆಲ ಅದುರಿತು. ಅವಳ ಎಡಗೈ ಮುಂದಕ್ಕೆ ಚಾಚಿತು, ಗಾಳಿಯಲ್ಲಿ ಏನನ್ನೋ ಹಿಡಿಯಿತು. ಕೊಂಬು ಅವಳ ಹೊಟ್ಟೆಯನ್ನು ಹೊಕ್ಕು ಬೆನ್ನಲ್ಲಿ ಬಂತು. ಕೈ ಬಿಡಲಿಲ್ಲ. ಅವಳನ್ನು ಎತ್ತಿತು, ಒಗೆಯಿತು, ಗೋಡೆಗೆ ಉಜ್ಜಿತು. ಕೈ ಬಿಡಲಿಲ್ಲ. ಓಂಕಾರ್ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನೆಲಕ್ಕೆ ಕುಸಿದ. ಬಹಳ ಹೊತ್ತಿನ ಮೇಲೆ ಫ್ಯಾನು ತಿರುಗಿತು. ಬಾಗಿಲು ತಾನಾಗಿ ಕಿರ್ರೆಂದಿತು.

ಬ್ಯಾಟರಿ ಸ್ಫೋಟ ಎಂದು ಪೊಲೀಸರು ಬರೆದುಕೊಂಡರು. ಬೇರೆ ಏನು ಬರೆಯಬೇಕೋ ಅವರಿಗೂ ಗೊತ್ತಾಗಲಿಲ್ಲ. ತಂಗಿಯ ಮಣ್ಣು ಮುಗಿಸಿ ಹನ್ನೊಂದನೇ ದಿನ ಓಂಕಾರ್ ಬೋರ್ಡನ್ನೂ ಕಂಪ್ಯೂಟರನ್ನೂ ಕಾರಿಗೆ ಹಾಕಿಕೊಂಡು ನ್ಯಾಮತಿಗೆ ಹೋದ. ಸಾವಂತ್ರಮ್ಮ ಹೊಸಿಲ ಒಳಗೆ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ.

"ಫೋನು ಆನ್ ಇತ್ತು. ಎಲ್ಲಾ ಕೇಳಿಸ್ತು," ಎಂದಳು. "ಯಾಕೆ ಕರೀಲಿಲ್ಲ?"

"ಭಯ ಆಯ್ತು ಅಮ್ಮ."

"ಭಯ ಆ ಹುಡ್ಗಿಗೆ ಆಗಿರ್ಲಿಲ್ಲೇನ್ರೀ?"

ಅವನು ಅಲ್ಲೇ ಜಗುಲಿಯ ಮೇಲೆ ಕಂಪ್ಯೂಟರ್ ಹಚ್ಚಿ ತೋರಿಸಿದ. ಪರದೆಯ ಮೇಲೆ ಹೋರಿ ನಿಂತಿತ್ತು. ಮೂಗಿನಲ್ಲಿ ಬಿಳಿ ದಾರ. ದಾರದ ತುದಿಯಲ್ಲಿ ಯಾರೂ ಬರೆಯದ ಒಂದು ಗೊಂಬೆ ಇತ್ತು, ಬಲತೋಳಿಲ್ಲದ ಹುಡುಗಿ, ಕಾಲು ಊರಿ ಎಡಗೈಯಲ್ಲಿ ದಾರ ಜಗ್ಗಿ ಹಿಡಿದಿದ್ದಳು. ಆಗಾಗ ಆ ಕೈ ನಡುಗುತ್ತಿತ್ತು.

"ಇದನ್ನು ನೀವೇ ಇಟ್ಕೊಳ್ಳಿ ಅಮ್ಮ. ನನ್ನಿಂದಾಗಲ್ಲ."

"ಇದು ಈಗ ನಮ್ಮ ಹೋರಿ ಅಲ್ಲ. ಅವ್ಳದ್ದು." ಮುದುಕಿ ಪರದೆಯ ಮೇಲೆ ಬೆರಳಿಟ್ಟು ಆ ಪುಟ್ಟ ಗೊಂಬೆಯ ತಲೆ ಸವರಿದಳು. ಕಣ್ಣು ತುಂಬಿಕೊಂಡಳು. "ನಮ್ಮನೆಯೋರು ಗಟ್ಟಿ ಆಳು, ಎರಡೂ ಕೈ ಇದ್ವು, ಕಣ್ಣಿಗೆ ಕಾಣ್ದಂಗೆ ಇಷ್ಟು ವರ್ಷ ಒಳಗೇ ನಿಂತು ಹಿಡ್ಕಂಡಿದ್ರು. ಇವ್ಳಿಗೆ ಒಂದೇ ಕೈ. ಎಷ್ಟು ದಿನ ಹಿಡೀತಾಳೆ? ಯಾರಾದ್ರೂ ಕರದು, ದಾರ ಇಸ್ಕಂಡು, ಆ ಕೂಸನ್ನ ಬಿಡಿಸ್ಬೇಕು. ಈಗ್ಲೂ ಕರೀಬಹುದು ನೋಡ್ರಿ."

ಅವಳು ಬಾಗಿಲು ಹಾಕಿಕೊಂಡಳು.

ಹೈದರಾಬಾದಿನವರು ದಿನಾ ಫೋನು ಮಾಡುತ್ತಾರೆ. ಸಾವಿನ ಸುದ್ದಿಯಿಂದ ಆಟದ ಹೆಸರು ಇನ್ನೂ ಮೇಲೆದ್ದಿದೆಯಂತೆ, ಜನ ಕಾಯುತ್ತಿದ್ದಾರಂತೆ. ಓಂಕಾರ್ ಎತ್ತುವುದಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ ಆ ಪರದೆಯ ಮುಂದೆ ಕೂರುತ್ತಾನೆ. ಹುಡುಗಿಯ ಪಾದಗಳು ಹಿಂದಿನ ದಿನಕ್ಕಿಂತ ಒಂದು ಚುಕ್ಕೆ ಹೋರಿಯ ಕಡೆಗೆ ಜಾರಿರುತ್ತವೆ. ಅವನು ಕರೆಯಲು ಬಾಯಿ ತೆರೆಯುತ್ತಾನೆ. ಸಂಜೆಯವರೆಗೆ ಹಾಗೇ ಕೂತಿದ್ದು, ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾನೆ.