ಏರಿಸಿದವನ ಕೈಯಲ್ಲಿ ಏನಿತ್ತು?

"ಏರಿಸ್ದೆ!"

ಭರತ ಹುಣಸೆಬೀಜಗಳನ್ನು ಚಾಪೆಯ ಮೇಲೆ ಟಪ್ಪೆಂದು ಬಡಿದ. ಎದುರಿಗೆ ಕೂತ ಕೋಮಲ ಹಲ್ಲು ಕಚ್ಚಿದಳು.

ಮತ್ತೆ ಏರಿಸಿದನಾ! ಈ ಮನುಷ್ಯನಿಗೆ ಬೇರೆ ಮಾತೇ ಬರುವುದಿಲ್ಲವಾ?

ಲಗ್ನ ನಿಶ್ಚಯವಾದ ಮೇಲೆ ಇಬ್ಬರೂ ಎದುರುಬದುರು ಕೂತದ್ದು ಇದೇ ಮೊದಲು. ೨೦೦೭ರ ದೀಪಾವಳಿ ಪಾಡ್ಯ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದ ಭರತನನ್ನು ಅಥಣಿಯ ಈ ದ್ರಾಕ್ಷಿತೋಟದ ಮನೆಗೆ ಹಬ್ಬದೂಟಕ್ಕೆ ಕರೆದಿದ್ದರು. ಸಂಜೆ ಅವನ ಕಡೆಯ ಹಿರಿಯರು ಬಂದು ಲಗ್ನದ ತಿಥಿ ಗೊತ್ತುಮಾಡುವವರಿದ್ದರು.

ಊಟವಾದ ಮೇಲೆ ಹೊತ್ತು ಹೋಗಲೆಂದು ಕೋಮಲಳ ಅಣ್ಣ ಬಾಬಾಸಾಹೇಬ ಇಸ್ಪೀಟ್ ಎಲೆ ತೆಗೆದಿದ್ದ. ಕೊಲ್ಹಾಪುರದ ಹಾಸ್ಟೆಲಿನಲ್ಲಿ ಕಲಿತು ಬಂದ ಪೋಕರ್ ಆಟದ ಹುಚ್ಚು ಅವನಿಗೆ. ಮನೆಯವರಿಗೆಲ್ಲ ಕಲಿಸಿದ್ದ, ಇವತ್ತು ಭರತನಿಗೂ ಕಲಿಸಿದ್ದ. ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಬ್ಬರು ಪಣ ಏರಿಸಿದರೆ ಉಳಿದವರೂ ಅಷ್ಟೇ ಇಡಬೇಕು, ಧೈರ್ಯ ಸಾಲದವರು 'ಪ್ಯಾಕ್' ಎಂದು ಎಲೆ ಕೆಳಗಿಡಬೇಕು. ಎಲ್ಲರೂ ಪ್ಯಾಕ್ ಎಂದರೆ ಏರಿಸಿದವನೇ ಗೆದ್ದಂತೆ.

"ರೊಕ್ಕ ಇಟ್ಟರ ಎಲಿ ಒಲ್ಯಾಗ ಹಾಕ್ತೀನಿ ನೋಡ್ರಿ," ಎಂದು ಮನೆಯ ಅಜ್ಜಿ, ಆಯಿ ಚನ್ನವ್ವ, ಮೊದಲೇ ಗದರಿಸಿದ್ದಳು. ಹಾಗಾಗಿ ಹುಣಸೆಬೀಜ. ಏರಿಸುವುದಕ್ಕೂ ಮಿತಿ ಇತ್ತು, ಒಂದು ಸಲಕ್ಕೆ ಎರಡೇ ಬೀಜ.

ಆದರೆ ಎರಡೆರಡೇ ಬೀಜ ಏರಿಸಿ ಈ ಭರತ ಎಲ್ಲರ ಜೀವ ತಿನ್ನುತ್ತಿದ್ದ!

"ಪ್ಯಾಕ್," ಎಂದಳು ಅಣ್ಣನ ಹೆಂಡತಿ ಚಂದ್ರಮತಿ.

"ನಂದೂ ಪ್ಯಾಕ್. ಏನ ಎಲಿ ಬೀಳ್ತಾವೋ ಮಾರಾಯಾ ಈ ಮನಶಾಗ!" ಎಂದ ಬಾಬಾಸಾಹೇಬ.

ಕೋಮಲಳ ಕೈಯಲ್ಲಿ ಎರಡು ರಾಣಿಗಳಿದ್ದವು. ಆದರೆ ನಡುವೆ ಎಕ್ಕ ಬಿದ್ದಿತ್ತು, ಅವನ ಕೈಯಲ್ಲೂ ಒಂದು ಎಕ್ಕವಿದ್ದರೆ ಅವನ ಜೋಡಿಯೇ ದೊಡ್ಡದು. ಭರತ ಮತ್ತೆ ಏರಿಸಿದ.

"ಪ್ಯಾಕ್!" ರಾಣಿಗಳನ್ನು ಸಿಟ್ಟಿನಿಂದ ಒಗೆದಳು.

ಗೆದ್ದ ಭರತ ಮುಖ ಸಿಂಡರಿಸಿದ. ತನ್ನ ಎಲೆಗಳನ್ನು ಯಾರಿಗೂ ತೋರಿಸದೆ ಎಲೆಗಳ ಕಟ್ಟಿನೊಳಗೆ ತುರುಕಿದ.

ಗೆದ್ದರೂ ಸಮಾಧಾನವಿಲ್ಲ ಇವನಿಗೆ! ಇನ್ನೊಬ್ಬರಿಗೆ ಉಸಿರು ಬಿಡಲೂ ಕೊಡದವನ ಜೊತೆ ಬಾಳುವುದು ಹೇಗೆ?

ಅವಳ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ಅಥಣಿಯ ಪ್ರಾಥಮಿಕ ಶಾಲೆಯಲ್ಲಿ ಕೋಮಲ ಶಿಕ್ಷಕಿ. ಹೋದ ವಾರ ಫೋನಿನಲ್ಲಿ, ಆಯಿ ಪಕ್ಕದಲ್ಲೇ ಕೂತಿರುವಾಗ, ಧೈರ್ಯ ಮಾಡಿ ಅವನನ್ನು ಕೇಳಿದ್ದಳು. "ಲಗ್ನ ಆದ ಮ್ಯಾಲೂ ನಾ ಶಾಲಿಗೆ ಹೋಗಬೇಕಂತ ಮಾಡೀನ್ರಿ..."

"ಹೂಂ... ನೋಡೂಣ್ರಿ," ಎಂದು ಹೇಳಿ ಫೋನ್ ಇಟ್ಟುಬಿಟ್ಟಿದ್ದ!

ನೋಡೋಣ ಅಂದರೆ ಏನರ್ಥ? ಇಡೀ ವಾರ ನಿದ್ದೆಯಿಲ್ಲ. ಇವತ್ತಾದರೂ ಒಂದು ಮಾತಾಡುತ್ತಾನೆಂದು ಕಾದರೆ... ಬರೀ ಏರಿಸ್ದೆ, ಏರಿಸ್ದೆ, ಏರಿಸ್ದೆ!

ನೀರಿನ ನೆಪದಲ್ಲಿ ಒಳಗೆದ್ದು ಹೋದಳು. ಚಂದ್ರಮತಿ ಬೆನ್ನಿಗೇ ಬಂದಳು.

"ವೈನಿ, ಈ ಲಗ್ನ ನನಗ ಬ್ಯಾಡ."

"ಏನ ಹುಚ್ಚೀಬೇ ನೀ! ಬೀಜ ಹ್ವಾದವಂತ ಲಗ್ನ ಮುರೀತಾರೇನು?"

"ಬೀಜದ ಮಾತಲ್ಲ. ಆಟದಾಗ ಇಷ್ಟ ದರ್ಪ ಮಾಡಾಂವಾ ನಾಳಿ ಮನ್ಯಾಗ ನನ್ನ ಮಾತ ಕೇಳ್ತಾನ? ಸಂಜಿಕ ಹಿರ್ಯಾರ ಮುಂದ ಬ್ಯಾಡ ಅಂದಬಿಡ್ತೀನಿ."

ಚಂದ್ರಮತಿಯ ಮುಖ ಸಣ್ಣದಾಯಿತು. ಕೋಮಲ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಈಗ ಅವಳಿಗೆ ಹೆದರಿಕೆ ಉಳಿದಿರಲಿಲ್ಲ. ಹೇಗಿದ್ದರೂ ಬೇಡವೆನ್ನುವುದೇ ಆಯಿತು, ಇನ್ನು ಅವನಿಗೆ ಯಾಕೆ ಸೋಲಬೇಕು? ಈ ಸಲ ಏನೇ ಆಗಲಿ, ಕೊನೆಯವರೆಗೂ ಎಲೆ ಕೆಳಗಿಡುವುದಿಲ್ಲ!

ಬಾಬಾಸಾಹೇಬ ಎಲೆ ಹಂಚಿದ. ಅವಳಿಗೆ ಒಂಬತ್ತರ ಜೋಡಿ ಬಂತು.

"ಏರಿಸ್ದೆ!" ಎಂದ ಭರತ.

ಚಂದ್ರಮತಿ ಪ್ಯಾಕ್ ಮಾಡಿ ಚಹಾ ಇಡಲು ಎದ್ದಳು. ಅಷ್ಟರಲ್ಲಿ ತೋಟದ ಕಡೆಯಿಂದ ಆಳು ಕೂಗಿದ, "ಸಾವ್ಕಾರ್ರ, ಕರೆಂಟ್ ಬಂತ್ರಿ!" ಬಾಬಾಸಾಹೇಬ ಎಲೆ ಒಗೆದು ಮೋಟಾರು ಹಚ್ಚಲು ಓಡಿದ.

ಉಳಿದವರು ಇಬ್ಬರೇ. ಮಂಚದ ಮೇಲೆ ಆಯಿ ಕಣ್ಣು ಮುಚ್ಚಿ ಮಲಗಿದ್ದಳು.

ನಡುವೆ ಎಕ್ಕ, ರಾಜಾ, ನಾಲ್ಕು ಬಿದ್ದವು. ಭರತ ಏನೋ ಹೇಳಹೊರಟವನು ಮಂಚದ ಕಡೆ ನೋಡಿ ಮತ್ತೆ ಏರಿಸಿದ. ಕೋಮಲ ಬೀಜ ಇಟ್ಟಳು. ಅವನು ಬೆಚ್ಚಿ ತಲೆಯೆತ್ತಿದ.

ಗುಲಾಮ ಬಿತ್ತು. ಮತ್ತೆ ಇಟ್ಟಳು. ಕೊನೆಗೆ ಆರು. ತನ್ನಲ್ಲಿ ಉಳಿದಿದ್ದ ಎರಡು ಬೀಜಗಳನ್ನೂ ಮುಂದೆ ತಳ್ಳಿದಳು.

"ತೋರಸ್ರಿ ನಿಮ್ಮ ಎಲಿ!"

ಅವನು ತೋರಿಸಿದ. ಒಂದು ಎರಡರ ಎಲೆ, ಒಂದು ಏಳರ ಎಲೆ. ಜೋಡಿಯೂ ಇಲ್ಲ, ಏನೇನೂ ಇಲ್ಲ!

"ಇದಕ್ಕ ಇಷ್ಟ ಏರಿಸಿದ್ರಿ?"

"ಇದಕ್ಕಲ್ರಿ..." ಅವನ ದನಿ ತೀರಾ ಮೆತ್ತಗಾಯಿತು. "ನಾ ಆಟ ಸುರು ಆದಾಗಿಂದ ಒಂದ ಎಲೀನೂ ಸರಿಯಾಗಿ ನೋಡಿಲ್ಲ. ಏರಿಸಿದ್ರ ನಿಮ್ಮಣ್ಣಾರು, ವೈನಿಯಾರು ಬಿಟ್ಟ ಏಳ್ತಾರ, ನಾವಿಬ್ರ ಉಳೀತೀವಿ, ಒಂದ ಮಾತ ಆಡಬೌದು ಅಂತ... ಆದರ ಅವರ ಬೆನ್ನಿಗೇ ನೀವೂ ಪ್ಯಾಕ್ ಅಂತಿದ್ರಿ! ತಲಿ ಕೆಟ್ಟ ಹೋಗಿತ್ತ ನೋಡ್ರಿ ನನಗ!"

ಕೋಮಲ ಆ ಎರಡು ಎಲೆಗಳನ್ನು ಮತ್ತೆ ನೋಡಿದಳು. ಗೆದ್ದಾಗೆಲ್ಲ ಮುಖ ಸಿಂಡರಿಸಿದ್ದು ಇದಕ್ಕಾ? ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡಕ್ಕೂ ಮೊದಲು ಸಿಟ್ಟು ಬಂತು!

"ಒಂದ ಮಾತ ಆಡಾಕ ಇಷ್ಟ ಕಾಡಬೇಕಾಗಿತ್ತೇನ್ರಿ? ಫೋನಿನ್ಯಾಗ ಯಾಕ ಹೇಳ್ಲಿಲ್ಲ?"

"ಅವತ್ತ ಫೋನಿನ ಹಂತ್ಯಾಕ ಅಪ್ಪ ಕುಂತಿದ್ರು. ಅವರನ್ನ ಮೊದಲ ಒಪ್ಪಿಸಬೇಕಿತ್ತು. ಈಗ ಒಪ್ಯಾರ. ಮುಂಜಾನೆ ಏಳಕ್ಕ ನಮ್ಮೂರಿಂದ ಅಥಣಿಗೆ ಬಸ್ ಐತಿ, ಸಂಜಿಕ ತಿರುಗಿ ಬರಾಕೂ ಐತಿ. ಕಂಡಕ್ಟರನ್ನ ಕೇಳಿ ಬಂದೀನ್ರಿ. ನೀವು ಶಾಲಿ ಬಿಡಬ್ಯಾಡ್ರಿ."

ಅವಳ ಕಣ್ಣು ತುಂಬಿದವು. ಇವನು ಬಸ್ಸಿನ ಹೊತ್ತು ಕೇಳಿಕೊಂಡು ಬಂದಿದ್ದಾನೆ, ತಾನು ಇವನನ್ನೇ ಬೇಡವೆನ್ನಲು ಹೊರಟಿದ್ದೆನಲ್ಲ!

"ಲಗೂನ ಮಾತಾಡ್ರಿ," ಎಂದಳು ಆಯಿ, ಕಣ್ಣು ತೆರೆಯದೆ. "ಅಂವಾ ಮೋಟಾರ್ ಹಚ್ಚಿ ಬಂದಗಿಂದಾನು."

ಇಬ್ಬರೂ ಕೆಂಪಾದರು.

"ನಾ ಸಂಜಿಕ ಹಿರ್ಯಾರ ಮುಂದ ಬ್ಯಾಡ ಅನ್ನಾಕಿದ್ದೆ," ಎಂದಳು ಕೋಮಲ ಮೆಲ್ಲಗೆ.

ಭರತನ ಮುಖದ ಬಣ್ಣ ಇಳಿಯಿತು.

"ಈಗ...?"

"ಈಗ ಹೂಂ ಅಂತೀನ್ರಿ."

"ಖರೇನ?"

ಕೋಮಲ ಮೊದಲ ಬಾರಿಗೆ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ಖರೇನ. ಕೈಯಾಗ ಏನೂ ಇಲ್ಲದ ಏರಿಸಾಕಿ ಅಲ್ರಿ ನಾ."