ಚಾವಡಿ ಕಂಬದ ಹತ್ತಿರ ನಿಂತವಳು

ಶಿಕಾರಿಪುರದ ಪೇಟೆಬೀದಿಯ ಹಳೇ ಚಾವಡಿಯನ್ನು ಕೆಡವಿದ ಮೇಲೆ, ಎದುರು ಸ್ಟುಡಿಯೋದ ಚಂದ್ರಶೇಖರಪ್ಪ ತಾನು ಹಿಂದೆ ತೆಗೆದಿದ್ದ ಅದರ ಫೋಟೋಗಳನ್ನೆಲ್ಲ ಬೀದಿಗೆ ಕಾಣುವ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟ. ಕೆತ್ತನೆಯ ಕಂಬಗಳು, ಕಲ್ಲಿನ ಜಗಲಿ, ಮುಂದಿನ ಜಟಕಾ ಸ್ಟ್ಯಾಂಡು, ಪಕ್ಕದ ಬೆಂಡು-ಬತ್ತಾಸಿನ ಅಂಗಡಿ. ಊರಿನವರು ನಿಂತು ನೋಡಿ ಲೊಚಗುಟ್ಟಿದರು. ವರದಮ್ಮ ಮಾತ್ರ ಉರಿಯುತ್ತಾ ಒಳಗೆ ನುಗ್ಗಿದಳು.

"ಏನ್ರೀ ಇದು? ನನ್ನ ಒಂದು ಮಾತು ಕೇಳ್ದೆ ನನ್ ಫೋಟೋ ತೆಗ್ದು ಬೀದಿಗಿಟ್ಟೀರಲ್ಲ!"

"ನಾ ತೆಗ್ದಿದ್ದು ಚಾವಡೀದು ಕಣ್ರೀ."

"ಹಂಗಾದ್ರೆ ಕಂಬದ ಹತ್ರ ನಿಂತೋಳು ಯಾರು, ಚೌಡೇಶ್ವರಿ ಅಮ್ಮನಾ?"

ಅವನಿಗೆ ನಗು ಬಂತು. ನಕ್ಕರೆ ಇವಳು ಇನ್ನೂ ರೇಗುತ್ತಾಳೆಂದು, ಮೀಸೆ ಸರಿಮಾಡುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಅದೂ ಅವಳಿಗೆ ಕಂಡಿತು.

ಅವಳ ಆತಂಕ ಸುಳ್ಳೇನಲ್ಲ. ಭಾನುವಾರ ಸೊರಬದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಬಸ್ಸಿಳಿದು ಇದೇ ಬೀದಿಯಲ್ಲಿ ನಡೆದು ಬರಬೇಕು. ಹುಡುಗಿ ಗಾಜಿನೊಳಗೆ ನಿಂತಿರುವುದು ಕಂಡರೆ ಅಣ್ಣ ನಾಗರಾಜಪ್ಪನ ಮಾನ ಏನಾದೀತು? ಚಾವಡಿ ಜಗಲಿಯ ಹೊಲಿಗೆ ಕ್ಲಾಸಿಗೆ ಕಳಿಸಲೂ ಹಿಂದೆಮುಂದೆ ನೋಡಿದ್ದವನು ಅವನು.

ಚಂದ್ರಶೇಖರಪ್ಪ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಎಲ್ಲದರಲ್ಲೂ ವರದಮ್ಮ, ಹೆಗಲ ಮೇಲಿನ ಜಡೆ ಸಮೇತ ಸ್ಪಷ್ಟವಾಗಿ. ಸುತ್ತಲಿನ ಜನ ಮಾತ್ರ ಹೊಗೆ ಸುಳಿದ ಹಾಗೆ.

"ಉಳಿದೋರೆಲ್ಲ ಯಾಕೆ ಹಿಂಗೆ ಮಸುಕಾಗ್ಯಾರೆ?"

"ಇದು ನಮ್ಮಪ್ಪನ ಕಾಲದ ಕ್ಯಾಮೆರಾ. ಮುಚ್ಚಳ ತೆಗ್ದು ಸ್ವಲ್ಪ ಹೊತ್ತು ಕಾಯ್ಬೇಕು. ನಡೆದಾಡೋರು ಅದ್ರಾಗೆ ಸರಿಯಾಗಿ ಮೂಡಲ್ಲ." ಅವನು ದನಿ ತಗ್ಗಿಸಿದ. "ಅಲ್ಲಾಡದೆ ನಿಂತೋರು ಮೂಡ್ತಾರೆ."

ವರದಮ್ಮನ ಕಿವಿ ಬಿಸಿಯಾಯಿತು. ಪ್ರತಿ ಫೋಟೋದಲ್ಲೂ ಅವಳ ಮುಖ ನೇರ ಇವನ ಕಡೆಗೇ ಇತ್ತು. ದೂರು ಹೇಳಲು ಬಂದವಳು ತಾನೇ ಸಿಕ್ಕಿಬಿದ್ದಿದ್ದಳು. ಹೌದು, ಅವನು ಕ್ಯಾಮೆರಾದ ಹಿಂದೆ ಕರಿಬಟ್ಟೆ ಹೊದ್ದು ಬಗ್ಗಿದಾಗಲೆಲ್ಲ ಮನೆಗೆ ಹೋಗುವುದನ್ನೂ ಮರೆತು ನಿಂತಿದ್ದಳು. ಅವನೆಂದರೆ ಅವಳಿಗೆ ಅಷ್ಟು ಇಷ್ಟ.

ಹಾಗೆಂದು ಸುಲಭಕ್ಕೆ ಸೋಲುವ ಹೆಣ್ಣಲ್ಲ.

"ಅದಿರ್ಲಿ, ಚಾವಡಿ ಎಲ್ಲಿಗಾದ್ರೂ ಓಡಿಹೋಗ್ತಿತ್ತಾ? ಒಂದು ಕಟ್ಟಡಕ್ಕೆ ಇಷ್ಟು ಫೋಟೋ ಯಾಕ್ರೀ? ಅದೂ ಕ್ಲಾಸ್ ಬಿಡೋ ಹೊತ್ತಿಗೇ?"

"ಆ ಹೊತ್ತಿನ ಬೆಳಕು..." ಎಂದು ಶುರುಮಾಡಿದವನು ಅವಳ ಮುಖ ನೋಡಿ ಮಾತು ಬದಲಿಸಿದ: "ಬೆಳಕಲ್ಲ ಬಿಡ್ರಿ. ನೀವು ಹೊರಗೆ ಬರೋದನ್ನೇ ಕಾಯ್ತಿದ್ದೆ. ಹೇಳೋಕೆ ಧೈರ್ಯ ಸಾಲ್ಲಿಲ್ಲ."

"ಭಾನುವಾರ ದಾಟಿದ್ಮೇಲೆ ಧೈರ್ಯ ಬಂದು ಏನ್ ಮಾಡೋದೈತೆ?" ಅವಳು ಫೋಟೋಗಳನ್ನು ಒಟ್ಟುಮಾಡಿ ಅವನ ಮುಂದೆ ಸರಿಸಿದಳು. "ಹೆಣ್ಣಿನ ಕಡೆಯೋರು ತಾವಾಗೇ ಬಾಯಿ ಬಿಡೋ ಹಂಗಿಲ್ಲ. ನಿಮ್ಮವ್ವ ಬಂದು ಕೇಳ್ಲಿ. ಅಣ್ಣನ್ನ ಒಪ್ಸೋದು ನನಗೆ ಬಿಡ್ರಿ."

"ಸಂಜೆ ಕಳಿಸ್ತೀನಿ."

"ಸಂಜೆ ಯಾಕೆ?"

ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನು ಮನೆ ಕಡೆ ಓಡಿದ. ಬಾಗಿಲು ತೆರೆದ ಸ್ಟುಡಿಯೋ ಕಾಯಲು ವರದಮ್ಮ ಅವನ ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಈಸೂರಿನ ಮುದುಕ ಹುಲಿಯಪ್ಪ ಹೊಸ ರುಮಾಲು ಸುತ್ತಿಕೊಂಡು ಫೋಟೋ ತೆಗೆಸಲು ಬಂದ.

"ಫೋಟೋದವ್ರು ಎಲ್ಲವ್ವಾ?"

"ಹೆಣ್ಣು ಕೇಳಾಕೆ ಅವ್ವನ್ನ ಕಳಿಸಿ ಬರ್ತೀನಂತ ಹೋಗ್ಯಾರೆ."

"ಹೌದಾ! ಯಾರ ಮನೆ ಹೆಣ್ಣು?"

"ನಾನೇ," ಎಂದಳು ವರದಮ್ಮ. "ಕೂತ್ಕೊಳ್ರಿ, ಬರ್ತಾರೆ."